ಎಡಗಾಲಿನ ಅರ್ಧ ಇಂಚು

ಮೋಕಾ ರಸ್ತೆಯ ಹೋಟೆಲ್ಲಿನಲ್ಲಿ ಎಲ್ಲರೂ ಬೆಂಚಿನ ಮೇಲೆ ಕುಂತು ಉಗ್ಗಾಣಿ ಮಿರ್ಚಿ ತಿನ್ನುತ್ತಿದ್ದರೆ ನಾನೊಬ್ಬಳು ಕಂಬಕ್ಕೆ ಒರಗಿ ನಿಂತೇ ತಿಂದೆ. "ಕುಂದ್ರೀ ಅಕ್ಕಾ" ಅಂದರು. "ಕಾಲು ಹಿಡಕೊಂಡೈತೆ, ನಿಂತ್ರೆ ಸಡ್ಲಾಗುತ್ತೆ" ಅಂದೆ. ಕಾಲಿಗೆ ಏನೂ ಆಗಿರಲಿಲ್ಲ. ಬೆಂಚು ಮುಟ್ಟಿದರೆ ಜೀವ ಹೋದಂಗಾಗುತ್ತಿದ್ದ ಜಾಗ ಬೇರೆ ಇತ್ತು. ಅದರ ಹೆಸರು ಐದು ಜನರ ಎದುರಿಗೆ ಇರಲಿ, ಮನೆಯವರ ಎದುರಿಗೂ ನಾನು ಎತ್ತಿದವಳಲ್ಲ. ವಾಪಸು ಬಳ್ಳಾರಿ ತನಕ ಅರ್ಧ ದಾರಿ ಪೆಡಲ್ ಮೇಲೆ ನಿಂತುಕೊಂಡೇ ತುಳಿದೆ. ಹಿಂದೆ ಬರುತ್ತಿದ್ದವರು "ಅಕ್ಕನ ಸ್ಟಾಮಿನಾ ನೋಡ್ರಿ" ಅಂತ ಹೊಗಳಿದರು.

ನನಗೆ 41. ನಮ್ಮದು 12 ಮಷೀನಿನ ಸಣ್ಣ ಜೀನ್ಸ್ ಯೂನಿಟ್. ಮನೆಯವರು ಕಟಿಂಗ್ ಮಾಸ್ಟರ್. ಲೆಕ್ಕ, ಚೆಕಿಂಗ್, ಪ್ಯಾಕಿಂಗ್ ನಂದು. ಚೆಕಿಂಗ್ ಅಂದರೆ ದಿನವಿಡೀ ಪ್ಯಾಂಟುಗಳ ಒಳಮೈ ತಿರುವಿ ಹೊಲಿಗೆ ನೋಡುವುದು. ಪ್ಯಾಂಟಿನ ಎರಡು ಕಾಲೂ ಕೂಡುವ ಕವಲು ಇರುತ್ತಲ್ಲ, ಅಲ್ಲಿ ನಾಲ್ಕು ಕಡೆಯ ಹೊಲಿಗೆ ಒಂದೇ ಜಾಗಕ್ಕೆ ಬಂದು ದಪ್ಪ ಗಂಟಾಗುತ್ತೆ. ಸೂಜಿ ಮುರಿಯುವುದೂ ಅಲ್ಲೇ, ಹೊಲಿಗೆ ತಪ್ಪುವುದೂ ಅಲ್ಲೇ. "ಕವಲು ನೋಡಿದ್ಯೇನವ್ವಾ?" ಅನ್ನುವುದು ದಿನಕ್ಕೆ ಇಪ್ಪತ್ತು ಸಲ ನನ್ನ ಬಾಯಲ್ಲಿ ಬರುವ ಮಾತು. ಇಂಥವಳು ಸೈಕಲ್ ಕಲಿತ ಹೊಸದರಲ್ಲಿ ಒಂದು ತಿಂಗಳು ನಮ್ಮದೇ ಜೀನ್ಸ್ ಹಾಕಿಕೊಂಡು, ಆ ಗಂಟಿನ ಮೇಲೇ ಭಾರ ಹಾಕಿ ಕುಂತು ತುಳಿದೆ.

ಸೈಕಲ್ಲಿಗೆ ಬಂದದ್ದು ಶುಗರ್ ಹೆದರಿಕೆಯಿಂದ. ಅಪ್ಪನಿಗೆ ಇತ್ತು, ಅಕ್ಕನಿಗೂ ಬಂದಿದೆ. ತೋರಣಗಲ್ಲಿನಲ್ಲಿ ಕೆಲಸಕ್ಕಿದ್ದ ಒಬ್ಬರು ವರ್ಗವಾಗಿ ಹೋಗುವಾಗ ಗೇರ್ ಸೈಕಲ್ ಮಾರುತ್ತಿದ್ದರು, 11,500ಕ್ಕೆ ತಗೊಂಡೆವು. ನವೆಂಬರ್ ತಿಂಗಳು, ಬೆಳಿಗ್ಗೆ ಚಳಿ ಇತ್ತು. ಮೊದಲು ಸಂಗನಕಲ್ಲು ತನಕ. ಅಲ್ಲಿಯ ಗುಡ್ಡದಲ್ಲಿ ತಟ್ಟಿದರೆ ಗಂಟೆಯ ಹಾಗೆ ನುಡಿಯುವ ಬಂಡೆಗಳಿವೆ, ನವಶಿಲಾಯುಗದ ಜನ ಕೊರೆದ ಚಿತ್ರಗಳಿವೆ. ನಲವತ್ತು ವರ್ಷ ಇದೇ ಊರಲ್ಲಿದ್ದು ನಾನು ಒಮ್ಮೆಯೂ ಹೋಗಿರಲಿಲ್ಲ. ಆಮೇಲೆ ಕುಡಿತಿನಿ ಕಡೆ, ಮೋಕಾ ಕಡೆ. ಜನವರಿ ಹೊತ್ತಿಗೆ ವಾರಕ್ಕೆ ಮೂರು ದಿನ, ಬೆಳಿಗ್ಗೆ ಐದೂಕಾಲಿಗೆ ಬಿಟ್ಟರೆ ಎರಡು ತಾಸು.

ನೋವು ಮೊದಲ ದಿನದಿಂದಲೇ ಇತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಒಂದು ತಿಂಗಳು ತಡ್ಕೋ, ಆಮೇಲೆ ರೂಢಿ ಆಗುತ್ತೆ. ಅದು ಅರ್ಧ ನಿಜ. ಅದು ಅರ್ಧ ಮಾತ್ರ ನಿಜ ಅಂತ ಗೊತ್ತಾಗಲು ನನಗೆ ಏಳು ತಿಂಗಳು ಹಿಡಿಯಿತು. ಸೀಟಿನ ನೋವಿನಲ್ಲಿ ಎರಡು ಜಾತಿ. ಕುಂತಾಗ ಕೆಳಗೆ ತಾಗುವ ಎರಡು ಮೂಳೆ ಇವೆ, ಗಟ್ಟಿ ನೆಲದ ಮೇಲೆ ಚಕ್ಕಳಮಕ್ಕಳ ಕುಂತರೆ ಚುಚ್ಚುತ್ತವಲ್ಲ, ಅವು. ಅವುಗಳ ನೋವು ಮೂರು ನಾಲ್ಕು ವಾರಕ್ಕೆ ಇಳಿಯಿತು. ಇನ್ನೊಂದು ಅವೆರಡರ ನಡುವಿನ ಮೆತ್ತಗಿನ ಜಾಗದ್ದು: ಉರಿ, ಉಜ್ಜಿದ ಗಾಯ, ಊತ. ಅದಕ್ಕೆ ರೂಢಿ ಅನ್ನೋದೇ ಇಲ್ಲ. ತುಳಿದಷ್ಟೂ ಜಾಸ್ತಿ. ಎರಡನ್ನೂ ನಾನು "ಸೀಟಿನ ನೋವು" ಅಂತ ಒಂದೇ ಖಾತೆಗೆ ಬರೆದುಕೊಂಡಿದ್ದೆ.

ಫೆಬ್ರವರಿಯಲ್ಲಿ ಸೀಟಿನ ಮೇಲೆ ಹಾಕುವ ಜೆಲ್ ಕವರ್ ತರಿಸಿದೆ. ಕೈಯಲ್ಲಿ ಒತ್ತಿದರೆ ಮೆತ್ತಗೆ, ಹಲ್ವಾ ಒತ್ತಿದ ಹಾಗೆ. ಮೊದಲ ಐದು ಕಿಲೋಮೀಟರ್ ಸ್ವರ್ಗ. ಹತ್ತನೆಯದಕ್ಕೆ ಹಳೆಯ ಉರಿ, ಹದಿನೈದಕ್ಕೆ ಮರಗಟ್ಟಿದ ಹಾಗೆ. ಮೂಳೆ ಮೆತ್ತೆಯೊಳಗೆ ಇಳಿದ ಮೇಲೆ ಆ ಜೆಲ್ಲು ಹೋಗುವುದಾದರೂ ಎಲ್ಲಿಗೆ? ನಡುವೆ ಉಬ್ಬಿ ಮೇಲೆದ್ದು, ಯಾವ ಜಾಗಕ್ಕೆ ಭಾರ ಬೀಳಬಾರದೋ ಅದನ್ನೇ ಒತ್ತುತ್ತೆ. ನಮ್ಮ ಅತ್ತೆಯ ಹಳೇ ಹತ್ತಿಯ ದಿಂಬಿನ ಮೇಲೆ ಕುಂತರೂ ಆಗುವುದು ಇದೇ.

ಮಾರ್ಚಿಗೆ ಪ್ಯಾಡ್ ಇರುವ ಚಡ್ಡಿ ತಗೊಂಡೆ, 450 ರೂಪಾಯಿದು, ಮೇಲೊಂದು ಸಡಿಲ ಪ್ಯಾಂಟ್. ಒಳಗೆ ಮಾಮೂಲು ಒಳಚಡ್ಡಿ ಹಾಕಿಕೊಂಡೇ ಅದನ್ನು ಹಾಕಿದೆ. ಅದನ್ನು ಬರೀ ಮೈಮೇಲೆ ಹಾಕಬೇಕು ಅಂತ ಯಾರೂ ಹೇಳಿರಲಿಲ್ಲ, ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ಅದರೊಳಗಿನ ಪ್ಯಾಡು ಬೆವರು ಹೀರಿ, ಚರ್ಮದ ಜೊತೆ ಜಾರದೆ ಕೂರಲಿ ಅಂತ ಮಾಡಿದ್ದು. ನಡುವೆ ಇನ್ನೊಂದು ಬಟ್ಟೆ, ಅದರ ಎಲಾಸ್ಟಿಕ್ಕು, ಅದರ ಹೊಲಿಗೆ ಬಂದರೆ ಮುಗಿಯಿತು. ಮಾರ್ಚಿನ ಬಳ್ಳಾರಿ ಬಿಸಿಲು ಗೊತ್ತಲ್ಲ, ಏಳು ಗಂಟೆಗೇ ಬೆನ್ನು ಹಸಿ. ಮನೆಗೆ ಬಂದು ಅದೇ ಒದ್ದೆ ಚಡ್ಡಿಯಲ್ಲಿ ನೀರು ಹಿಡಿದು, ಒಗ್ಗರಣೆ ಹಾಕಿ, ಮಗನ ಡಬ್ಬಿ ಕಟ್ಟಿ, ಎಂಟೂವರೆಗೆ ಸ್ನಾನ. ಬೆವರು, ಬಿಸಿ, ಉಜ್ಜಾಟ ಮೂರೂ ಕೂಡಿ ಕೂದಲ ಬುಡದಲ್ಲಿ ಕೀವು ಕಟ್ಟಲು ಇನ್ನೇನು ಬೇಕು? ಬ್ಲೇಡಿನಿಂದ ತೆಗೆದರೆ ಚೊಕ್ಕ ಇರುತ್ತೆ ಅಂತ ಅದನ್ನೂ ಮಾಡಿದೆ. ಅರ್ಧ ಬೆಳೆದ ಕೂದಲು ಒಳಗೇ ತಿರುಗಿ ಇನ್ನಷ್ಟು ಗುಳ್ಳೆ ಎದ್ದವು. ಪೌಡರ್ ಹಾಕಿದೆ, ಬೆವರಿಗೆ ಹಿಟ್ಟಾಗಿ ಮೆತ್ತಿಕೊಂಡಿತು. ಮಾಡಬಾರದ್ದು ಒಂದನ್ನೂ ಬಿಟ್ಟಿಲ್ಲ ನಾನು.

ಊತ ಗಮನಕ್ಕೆ ಬಂದದ್ದು ಆಗಲೇ. ಎಡಗಡೆ ಮಾತ್ರ. ಸೈಕಲ್ ಇಳಿದ ದಿನ ದಪ್ಪಗಾಗಿ, ಎರಡು ದಿನಕ್ಕೆ ಇಳಿಯುತ್ತಿತ್ತು. ಏಪ್ರಿಲ್ ಹೊತ್ತಿಗೆ ಇಳಿಯುವುದನ್ನು ನಿಲ್ಲಿಸಿತು. ಜೊತೆಗೆ ತೊಡೆಯ ಸಂದಿನ ಹತ್ತಿರ ಕಡಲೆಕಾಳಿನಷ್ಟು ಗಟ್ಟಿ ಗುಳ್ಳೆ, ಮುಟ್ಟಿದರೆ ಕಣ್ಣಲ್ಲಿ ನೀರು. ಮೆಡಿಕಲ್ ಶಾಪಿನಲ್ಲಿ "ತೊಡೆಸಂದಿಗೆ ಏನಾದ್ರೂ ಕೊಡ್ರಿ" ಅಂದೆ. ಒಂದು ಟ್ಯೂಬ್ ಕೊಟ್ಟ. ಎರಡು ದಿನಕ್ಕೆ ಉರಿ ತಣ್ಣಗಾಯಿತು, ದೊಡ್ಡ ಔಷಧಿಯೇ ಸಿಕ್ಕಿತು ಅಂದುಕೊಂಡು ಒಂದು ತಿಂಗಳು ಹಚ್ಚಿದೆ.

ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ನನ್ನನ್ನು ಪರೀಕ್ಷೆಯ ಮಂಚಕ್ಕೂ ಕರೆಯಲಿಲ್ಲ. ಸೈಕಲ್ ಅಂದ ತಕ್ಷಣ "ಈ ವಯಸ್ಸಲ್ಲಿ ಯಾಕ್ ಬೇಕಮ್ಮಾ, ವಾಕಿಂಗ್ ಮಾಡಬಾರ್ದಾ?" ಅಂತ ಐದು ದಿನದ ಮಾತ್ರೆ ಬರೆದು ಕಳಿಸಿದರು. ಗುಳ್ಳೆ ಇಳಿಯಿತು, ಊತ ಇದ್ದ ಹಾಗೇ ಇತ್ತು. ನಾನು ಮತ್ತೆ ಸೈಕಲ್ ಹತ್ತಿದೆ, ಗುಳ್ಳೆಯೂ ಮತ್ತೆ ಬಂತು.

ಎರಡನೆಯವರು ಹೆಣ್ಣುಮಕ್ಕಳ ಡಾಕ್ಟರು, ವಯಸ್ಸಾದವರು. ನಾನು "ಕೆಳಗೆ", "ಆ ಕಡೆ", "ಸಂದಿಯಲ್ಲಿ" ಅಂತ ತೊದಲುತ್ತಿದ್ದರೆ ತಡೆದು, "ಯೋನಿಯ ಹೊರತುಟಿ, ಎಡಗಡೆದು, ಹೌದಾ? ಹೆಸರು ಹೇಳಿದ್ರೆ ಏನೂ ಆಗಲ್ಲಮ್ಮಾ, ಹೇಳದಿದ್ರೆ ನಾನು ಮೊಣಕಾಲು ನೋಡ್ತೀನಿ" ಅಂದರು. ನಗು ಬಂದು ಅಳುವೂ ಬಂತು. ಪೂರಾ ನೋಡಿದರು. ಕೆಳಗೆ ಒಳಬದಿಗೆ ಒಂದು ಗ್ರಂಥಿ ಇರುತ್ತಂತೆ, ಅದು ಕಟ್ಟಿಕೊಂಡರೂ ಹೀಗೇ ಒಂದೇ ಕಡೆ ಬಾವು ಬರುತ್ತೆ. ನಂದು ಅದಲ್ಲ, ಇದು ಹೊರಗೆ, ಮೇಲೆ. ಹರ್ನಿಯಾನೂ ಅಲ್ಲ ಅಂತ ಕೆಮ್ಮಿಸಿ ನೋಡಿದರು. ನನ್ನಲ್ಲಿ ಎರಡು ತೊಂದರೆ ಒಟ್ಟಿಗೆ ಇದ್ದವು. ಒಂದು, ಕೂದಲ ಬುಡದ ಸೋಂಕು. ಅದಕ್ಕೆ ಔಷಧಿ ಇದೆ. ಇನ್ನೊಂದು, ಪದೇ ಪದೇ ಅದೇ ಜಾಗ ಒತ್ತಿ ಉಜ್ಜಿದ್ದಕ್ಕೆ ಬಂದ ಊತ. ಮೈಯೊಳಗಿನ ನೀರಿನಂಥ ದುಗ್ಧರಸ ಅಲ್ಲಿಂದ ವಾಪಸು ಹರಿದು ಹೋಗಬೇಕು, ಒತ್ತಡಕ್ಕೆ ಅದು ಅಲ್ಲೇ ನಿಲ್ಲುತ್ತೆ. ನಿಂತು ನಿಂತು ಕೊನೆಗೆ ಅಂಗಾಂಶವೇ ದಪ್ಪಗಾಗುತ್ತೆ. "ಅದೇ ಜಾಗಕ್ಕೆ ಅದೇ ಏಟು ಬೀಳ್ತಿದ್ರೆ ನಾನು ಯಾವ ಮಾತ್ರೆ ಕೊಟ್ಟು ಏನು?" ಅಂದರು.

ಟ್ಯೂಬ್ ತೋರಿಸಿದೆ. ಬೈಗುಳ ಬಿತ್ತು. ಅದರಲ್ಲಿ ಸ್ಟಿರಾಯ್ಡ್ ಕೂಡಿತ್ತು. ಉರಿ ಆರಿಸಿದ ಹಾಗೆ ಮಾಡಿ, ಕೆಳಗೆ ಚರ್ಮವನ್ನು ತೆಳ್ಳಗೆ ಮಾಡುತ್ತೆ. ತೆಳ್ಳಗಾದ ಚರ್ಮ ಇನ್ನೂ ಬೇಗ ಹರಿಯುತ್ತೆ. ಪದೇ ಪದೇ ಗುಳ್ಳೆ ಬರುತ್ತಿದೆ ಅಂದ ಮೇಲೆ ಶುಗರ್ ನೋಡಲೇಬೇಕು ಅಂತ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಬರೆದರು. 6.1 ಬಂತು. 5.7 ದಾಟಿದರೆ ಗಡಿಯ ಮೇಲೆ, 6.5ಕ್ಕೆ ಸಕ್ಕರೆ ಕಾಯಿಲೆ. ಗಡಿಯ ಮೇಲಿದ್ದೆ. ಅಂದರೆ ಸೈಕಲ್ ಬಿಡುವ ಹಾಗೂ ಇಲ್ಲ.

ಮೂರು ವಾರ ಸೈಕಲ್ ಮುಟ್ಟಬಾರದು. ದಿನಕ್ಕೆ ಎರಡು ಮೂರು ಸಲ ಅಗಲ ಟಬ್ಬಿನಲ್ಲಿ ಬೆಚ್ಚನೆ ನೀರು ಹಾಕಿ ಹತ್ತು ಹದಿನೈದು ನಿಮಿಷ ಕುಂದ್ರಬೇಕು. ಡೆಟಾಲ್, ಸೋಪು, ಪೌಡರ್ ಯಾವುದೂ ಬೇಡ. ಒತ್ತಿ ಕೀವು ತೆಗೆಯಬಾರದು. ಜ್ವರ ಬಂದರೆ, ಕೆಂಪು ಹರಡಿದರೆ, ನಡೆಯಲಾರದಷ್ಟು ನೋವಾದರೆ ರಾತ್ರಿಯಾದರೂ ಸರಿ ಬರಬೇಕು. ಬಿಡುವಿನ ಮೇಲೂ ಗಟ್ಟಿ ಗಂಟು ಉಳಿದರೆ ಸ್ಕ್ಯಾನ್. ಮನೆಯಲ್ಲಿ ಬಟ್ಟೆ ನೆನೆಸುವ ನೀಲಿ ಟಬ್ಬೊಂದು ಬಚ್ಚಲಲ್ಲಿ ನನ್ನದೇ ಆಯಿತು. ಅತ್ತೆ ಏನೂ ಕೇಳಲಿಲ್ಲ. ಮೂರನೇ ದಿನದಿಂದ ನಾನು ಏಳುವ ಹೊತ್ತಿಗೆ ಹಂಡೆಯ ಕೆಳಗೆ ಉರಿ ಇರುತ್ತಿತ್ತು.

ಆ ಮೂರು ವಾರದಲ್ಲೇ ಒಂದು ಮಧ್ಯಾಹ್ನ, ಕರೆಂಟ್ ಹೋಗಿ ಮಷೀನು ನಿಂತಾಗ, ಒಣಗಿದ್ದ ಆ 450 ರೂಪಾಯಿಯ ಚಡ್ಡಿಯನ್ನು ಯೂನಿಟ್ಟಿಗೆ ತಂದು ಕಿಟಕಿಯ ಬೆಳಕಿಗೆ ತಿರುವಿ ನೋಡಿದೆ. ಏಳು ತಿಂಗಳಲ್ಲಿ ಸಾವಿರಾರು ಪ್ಯಾಂಟು ತಿರುವಿದ್ದೇನೆ, ನನ್ನದನ್ನು ತಿರುವಿರಲಿಲ್ಲ. ಪ್ಯಾಡಿನ ಅಂಚಿಗೆ ದಪ್ಪ ನೈಲಾನ್ ದಾರದ ಓವರ್‌ಲಾಕ್ ಹೊಲಿಗೆ. ಹೊಲಿಗೆ ಶುರುವಾದ ಕಡೆಯಲ್ಲೇ ಒಂದರ ಮೇಲೊಂದು ಬರುವ ಹಾಗೆ ಮುಗಿಸಿ ದಾರ ಕತ್ತರಿಸಿದ್ದರು. ಅಲ್ಲಿ ಜೋಳದ ಕಾಳಿನಷ್ಟು ಗಂಟು. ಬೆರಳಾಡಿಸಿದೆ: ಎಡಗಡೆ, ತೊಡೆಯ ಸಂದಿನ ನೇರಕ್ಕೆ. ಗುಳ್ಳೆ ಎದ್ದ ಜಾಗವೇ. ಎಡಗಡೆಯ ಬಟ್ಟೆ ಪಿಲ್ಲಾಗಿ ಉಂಡೆ ಉಂಡೆ ಎದ್ದಿತ್ತು, ಬಲಗಡೆ ಹೊಸದರ ಹಾಗೆ ನುಣ್ಣಗಿತ್ತು. ನಮ್ಮ ಲೈನಿನಲ್ಲಿ ಈ ಪೀಸ್ ಬಂದಿದ್ದರೆ ರಿಜೆಕ್ಟ್ ಮೂಟೆಗೆ ಎಸೆಯುತ್ತಿದ್ದೆ.

ಗಂಟಿನ ಲೆಕ್ಕ ಸಿಕ್ಕಿತು. ಆದರೆ ಬಟ್ಟೆ ಎಡಕ್ಕೆ ಮಾತ್ರ ಯಾಕೆ ಸವೆಯಿತು? ಅವತ್ತು ರಾತ್ರಿ ಮನೆಯವರಿಗೆ ಎಲ್ಲಾ ಹೇಳಿದೆ. ಬೇಜಾರು ಮಾಡಿಕೊಂಡರು, ಊತಕ್ಕಲ್ಲ, ಏಳು ತಿಂಗಳು ಹೇಳದೇ ಇದ್ದದ್ದಕ್ಕೆ. ಆಮೇಲೆ ಚಡ್ಡಿ ಕೈಗೆ ತಗೊಂಡು ಬಹಳ ಹೊತ್ತು ನೋಡಿ, "ನೀನು ಎಡಕ್ಕೆ ಜರುಗ್ತೀಯ" ಅಂದರು. ನಾನು ಇಲ್ಲ ಅಂದೆ. "ಮದುವೆಯಾದಾಗಿನಿಂದ ನಿನ್ನ ಪ್ಯಾಂಟಿನ ಎಡಗಾಲು ಅರ್ಧ ಇಂಚು ಗಿಡ್ಡ ಮಾಡಿ ಮಡಿಸ್ತಿದೀನಿ. ಗೊತ್ತಿಲ್ವಾ ನಿನಗೆ?"

ಗೊತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ ಆ ಮನುಷ್ಯ. ಸುಮ್ಮನೆ ಅಳತೆ ತಗೊಂಡು ಸುಮ್ಮನೆ ಮಡಿಸಿದ್ದಾರೆ.

ಮಾರನೇ ಬೆಳಿಗ್ಗೆ ಮನೆ ಮುಂದಿನ ಖಾಲಿ ರಸ್ತೆಯಲ್ಲಿ, ಡಾಕ್ಟರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ನೂರು ಗಜ ತುಳಿದೆ. ಮನೆಯವರು ಸ್ಕೂಟರ್ ಮೇಲೆ ಮಗನನ್ನು ಹಿಂದೆ ಕೂರಿಸಿಕೊಂಡು ಬಂದು ವಿಡಿಯೋ ತೆಗೆಸಿದರು. ಅಂಗಿಯ ಕೆಳಗಂಚು ನೋಡಿದರೆ ಸಾಕಾಗಿತ್ತು: ಎಡ ಪೆಡಲ್ ಕೆಳಗೆ ಹೋದಾಗಲೆಲ್ಲ ನಡು ಎಡಕ್ಕೆ ಬೀಳುತ್ತಿತ್ತು, ತಕ್ಕಡಿಯ ಹಾಗೆ. ಸೀಟು ಎತ್ತರವಾಗಿದ್ದರಿಂದ ಪೆಡಲ್ ಸಿಗಲಿ ಅಂತ ನಾನು ಸೊಂಟ ಇಳಿಸುತ್ತಿದ್ದೆ. ಗಿಡ್ಡ ಕಾಲು ಎಡಗಾಲು, ಅದಕ್ಕೆ ಇಳಿತ ಜಾಸ್ತಿ. ಪ್ರತಿ ಇಳಿತಕ್ಕೂ ಸೀಟಿನ ಮುಂದಿನ ಕಿರಿದಾದ ಮೂಗಿನ ಅಂಚು ಅದೇ ಜಾಗಕ್ಕೆ ಗರಗಸದ ಹಾಗೆ ಎಳೆಯುತ್ತಿತ್ತು. ನಿಮಿಷಕ್ಕೆ ಎಪ್ಪತ್ತು ಸುತ್ತು, ಎರಡು ತಾಸು. ಗುಣಿಸಿಕೊಳ್ಳಿ: 8,400 ಸಲ.

ನಮ್ಮ ಕೋಟೆಯ ಕಥೆ ಬಳ್ಳಾರಿಯವರಿಗೆಲ್ಲ ಗೊತ್ತು. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಗೊತ್ತಾಗಿದ್ದು ಕೋಟೆ ಕಟ್ಟಿ ಮುಗಿದ ಮೇಲಂತೆ. ಎತ್ತರ ತಪ್ಪಿಸಿದ್ದಕ್ಕೆ ಹೈದರಾಲಿ ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೆ ಹಾಕಿಸಿದ ಅನ್ನುತ್ತಾರೆ. ನನ್ನ ಸೀಟಿನ ಎತ್ತರ ಎರಡು ಸೆಂಟಿಮೀಟರ್ ತಪ್ಪಿತ್ತು. ಪೆಡಲ್ ಪೂರಾ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗೆ ಬರಬೇಕು, ಸೊಂಟ ವಾಲಬಾರದು. ಆ ಲೆಕ್ಕದಲ್ಲಿ, ಗಿಡ್ಡ ಕಾಲಿಗೆ ಹೊಂದಿಸಿ ಇಳಿಸಿದೆವು. ಎಡ ಶೂನೊಳಗೆ ರಬ್ಬರ್ ಶೀಟಿನ ಅಟ್ಟೆ ಹಾಕಿದೆವು. ಮೊದಲು ಪೂರಾ ಅರ್ಧ ಇಂಚು ಹಾಕಿ ಎರಡೇ ದಿನಕ್ಕೆ ಮೊಣಕಾಲು ಹಿಡಿಯಿತು. ಅದರರ್ಧಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಸೀಟಿನ ಅಗಲ ನೋಡಿದ್ದು ಮೆಟ್ಟಿಲ ಮೇಲೆ. ಸರಕಿನ ಡಬ್ಬದ ರಟ್ಟು ಕತ್ತರಿಸಿ ಮೆಟ್ಟಿಲ ಮೇಲೆ ಹಾಕಿ, ಅದರ ಮೇಲೆ ಗಟ್ಟಿಯಾಗಿ ಕುಂತು, ಮುಂದಕ್ಕೆ ಬಾಗಿ, ಎದ್ದೆ. ರಟ್ಟಿನಲ್ಲಿ ಎರಡು ತಗ್ಗು. ಮನೆಯವರು ಕಟಿಂಗಿನ ಚಾಕಿನಿಂದ ತಗ್ಗಿನ ನಡುವಿಗೆ ಒಂದೊಂದು ಚುಕ್ಕೆ ಇಟ್ಟು ಟೇಪ್ ಹಿಡಿದರು. 13 ಸೆಂಟಿಮೀಟರ್. ನನ್ನ ಸೈಕಲ್ಲಿನ ಸೀಟಿನ ಅತಿ ಅಗಲದ ಜಾಗವೇ ಹದಿಮೂರೂವರೆ. ಅಂದರೆ ಮೂಳೆಗಳು ಅಂಚಿನಿಂದ ಜಾರುತ್ತಿದ್ದವು, ಭಾರವೆಲ್ಲ ನಡುವಿನ ಮೆತ್ತಗಿನ ಜಾಗಕ್ಕೆ. ಮೂಳೆಯ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿರಬೇಕು.

ಕೌಲ್ ಬಜಾರಿನ ಸೈಕಲ್ ಚಾಚಾನಿಗೆ ನಾನು ಹೇಳಿದ್ದು "ಕುಂದ್ರೋಕೆ ಆಗ್ತಿಲ್ಲ ಚಾಚಾ, ಹದಿನೈದೂವರೆ ಸೆಂಟಿಮೀಟರ್ ಸೀಟು ಬೇಕು" ಅಂತ ಇಷ್ಟೇ. ಮುಖ ನೋಡದೆ, ಸ್ಪ್ಯಾನರ್ ಹುಡುಕುತ್ತಾ, "ನಮ್ ಮನೆಯಾಕೀನೂ ಇದೇ ಅಂತಿದ್ಲು, ಸೈಕಲ್ಲೇ ಬಿಟ್ಲು" ಅಂದ. ಮೊದಲು ನಡುವೆ ಉದ್ದಕ್ಕೆ ತೂತು ಬಿಟ್ಟ ಸೀಟು ಕೊಟ್ಟ. ಹೆಂಗಸರಿಗೆ ಅದೇ ಒಳ್ಳೆಯದು ಅಂತ ಎಲ್ಲಾ ಕಡೆ ಹೇಳುತ್ತಾರೆ. ನನಗೆ ಎರಡೇ ಸವಾರಿಗೆ ಊತ ಜಾಸ್ತಿಯಾಯಿತು. ಊದಿದ ಭಾಗ ಆ ತೂತಿನೊಳಗೆ ಇಳಿದು ಅದರ ಅಂಚಿಗೇ ಸಿಕ್ಕಿಕೊಳ್ಳುತ್ತಿತ್ತು. ಬೇರೆಯವರಿಗೆ ಅದೇ ಸುಖ ಕೊಟ್ಟಿರಬಹುದು, ಜಗಳವಿಲ್ಲ. ಅದನ್ನು ವಾಪಸು ಕೊಟ್ಟು, ತೂತಿಲ್ಲದೆ ನಡುವೆ ಸಣ್ಣ ತಗ್ಗು ಮಾತ್ರ ಇರುವ ಚಪ್ಪಟೆ, ಗಟ್ಟಿ ಸೀಟು ಹಾಕಿಸಿಕೊಂಡೆ. ಮುಟ್ಟಿದರೆ ಹಲಗೆ. ಸೀಟಿನ ಮೇಲೆ ಫೋನ್ ಇಟ್ಟು ಮಟ್ಟ ನೋಡಿ, ಮೂಗನ್ನು ಕೂದಲೆಳೆಯಷ್ಟು ಕೆಳಕ್ಕೆ ಮಾಡಿದ. ಇನ್ನೂ ಇಳಿಸು ಅಂದೆ. "ಬ್ಯಾಡ ಮೇಡಂ, ಮುಂದಕ್ಕೆ ಜಾರ್ತೀರಿ, ಭಾರ ಎಲ್ಲಾ ಕೈಗೆ ಬರ್ತೈತೆ" ಅಂದ. ಮೊಂಡುತನ ಮಾಡಿ ಇಳಿಸಿಕೊಂಡು ಹೋದೆ, ನಾಲ್ಕು ದಿನಕ್ಕೆ ಅಂಗೈ ಜೋಮು ಹಿಡಿದು ವಾಪಸು ಬಂದೆ. ಚಾಚಾ ಏನೂ ಅನ್ನಲಿಲ್ಲ, ದುಡ್ಡೂ ತಗೊಳ್ಳಲಿಲ್ಲ.

ಚಡ್ಡಿಗೆ 2,200 ಕೊಟ್ಟೆ. ಕೊಡುವಾಗ ಕೈ ನಡುಗಿತು, ನಾವು ಒಂದು ಜೀನ್ಸಿಗೆ ಹೊಲಿಗೆಯ ಕೂಲಿ ಎಷ್ಟು ಕೊಡುತ್ತೇವೆ ಅಂತ ಗೊತ್ತಿರುವವಳಿಗೆ ನಡುಗಬೇಕು ಕೂಡ. ಆದರೆ ಒಳಗೆ ತಿರುವಿ ನೋಡಿಯೇ ತಗೊಂಡೆ: ಪ್ಯಾಡು ಅಖಂಡ, ಕವಲಿನಲ್ಲಿ ಹೊಲಿಗೆಯೇ ಇಲ್ಲ, ಅಂಚೆಲ್ಲ ಚಪ್ಪಟೆ ಫ್ಲ್ಯಾಟ್‌ಲಾಕ್ ಹೊಲಿಗೆ. ಎರಡು ಇವೆ. ಪ್ರತಿ ಸವಾರಿಗೂ ಒಗೆದದ್ದು, ಒಳಗೆ ಬೇರೇನೂ ಇಲ್ಲ. ಹೊರಡುವಾಗ ಉಜ್ಜುವ ಜಾಗಕ್ಕೆ ವ್ಯಾಸ್‌ಲೀನ್. ಬಟ್ಟೆಯಿಂದ ಅದು ಸುಲಭಕ್ಕೆ ಹೋಗಲ್ಲ, ಬಿಸಿನೀರು ಬೇಕು. ಬಂದ ತಕ್ಷಣ ಚಡ್ಡಿ ತೆಗೆದು ತೊಳೆದುಕೊಂಡು ಸಡಿಲ ಹತ್ತಿ ಬಟ್ಟೆ, ಒಗ್ಗರಣೆ ಆಮೇಲೆ. ಬ್ಲೇಡು ಬಂದ್, ಕತ್ತರಿ ಮಾತ್ರ.

ಜೂನ್ ಕೊನೆಯಲ್ಲಿ 20 ನಿಮಿಷದಿಂದ ಮತ್ತೆ ಶುರು ಮಾಡಿದೆ. ವಾರಕ್ಕೆ ಹತ್ತು ಹತ್ತು ನಿಮಿಷ ಏರಿಸಿದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಅರ್ಧ ನಿಮಿಷ ತುಳಿಯುತ್ತೇನೆ. ನಮ್ಮ ರಸ್ತೆಯ ಗುಂಡಿಗಳು ಆ ಮಟ್ಟಿಗೆ ಸಹಾಯ ಮಾಡಿವೆ, ನೆನಪು ಮಾಡಿಕೊಳ್ಳುವ ಕೆಲಸವಿಲ್ಲ. ಬಂದ ಮೇಲೆ ಊತ ಕಂಡರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ, ಮಾರನೇ ದಿನ ರಜಾ. ಊತ ಬಹುಪಾಲು ಇಳಿದಿದೆ. ಪೂರಾ ಹೋಗಿಲ್ಲ. ಎಡಗಡೆ ಈಗಲೂ ಸ್ವಲ್ಪ ದಪ್ಪವೇ. ಸ್ಕ್ಯಾನಿನಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಇಷ್ಟು ಉಳಿದರೂ ಉಳಿಯಬಹುದು ಅಂದಿದ್ದಾರೆ ಡಾಕ್ಟರು. ಎರಡು ತಾಸು ದಾಟಿದರೆ ಅದು ಎಚ್ಚರಿಸುತ್ತೆ, ನಾನು ಇಳಿಯುತ್ತೇನೆ. ಶುಗರ್ 5.8ಕ್ಕೆ ಬಂದಿದೆ.

ಹಳೇ ಸೀಟನ್ನು ಯೂನಿಟ್ಟಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇನೆ. ಯಾಕೆ ಅಂತ ಕೇಳಿದವರಿಗೆ ಈಗ ಪೂರಾ ಕಥೆ ಹೇಳುತ್ತೇನೆ, ಜಾಗದ ಹೆಸರು ಸಮೇತ. ಗಂಡಸರು ಎದ್ದು ಚಾ ಕುಡಿಯಲು ಹೋಗುತ್ತಾರೆ. ಹೋದ ವಾರ ಹಾಗೆ ಅವರೆಲ್ಲ ಎದ್ದು ಹೋದ ಮೇಲೆ ದಾರ ಕತ್ತರಿಸುವ ಹುಡುಗಿ ಕೆಲಸ ನಿಲ್ಲಿಸದೆ, ತಲೆ ಎತ್ತದೆ ಕೇಳಿದಳು: "ಅಕ್ಕಾ, ಗುಳ್ಳೆ ಒಂದೇ ಕಡೆ ಬರ್ತಿದ್ರೆ ಅದೂ ಇದೇನಾ?" ಅವಳು ದಿನಾ ಊರಾಚೆಯಿಂದ ಎಂಟು ಕಿಲೋಮೀಟರ್ ಬರುವುದು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲೇ. ಕತ್ತರಿ ಕೆಳಗಿಡಿಸಿ ಅವಳನ್ನು ಹೊರಗೆ ಕರಕೊಂಡು ಹೋದೆ. ಸೀಟಿನ ಕೆಳಗೆ ಕೈ ಹಾಕಿ ನೋಡಿದೆ. ಒಂದು ಕಡೆಯ ಸ್ಪ್ರಿಂಗ್ ಮುರಿದಿತ್ತು.